ಹಗುರವಾದದ್ದೇ ಮೇಲೆ? – ಒಂದು ಕಾರು ವಿನಿಮಯದ ವಿಮರ್ಶೆ

ಕಾರುಗಳ ಬಗೆಗೆ ಬರೆಯುವವರಲ್ಲಿ ಒಂದು ಮಾತು ಬಹಳ ವರ್ಷಗಳಿಂದ ಚಾಲ್ತಿಯಲ್ಲಿದೆ. ದೊಡ್ಡ ಎಂಜಿನಿನ, ದೂರ ಪ್ರಯಾಣಕ್ಕೆಂದೇ ಕಟ್ಟಿದ ಹಳೆಯ ಕಾರನ್ನು ಕೊಟ್ಟು, ಮೇಲ್ಛಾವಣಿ ಮಡಚಬಹುದಾದ ಎರಡು ಆಸನಗಳ ಪುಟ್ಟ ಕಾರನ್ನು ಕೊಂಡವನು ಜಾಣ ಎಂಬುದೇ ಆ ಮಾತು. ಮೊದಲನೆಯದನ್ನು ‘ಗ್ರ್ಯಾಂಡ್ ಟೂರರ್’ ಎಂದೂ ಎರಡನೆಯದನ್ನು ‘ರೋಡ್‌ಸ್ಟರ್’ ಎಂದೂ ಕರೆಯುತ್ತಾರೆ. ಪುಟ್ಟದ್ದು ಹಗುರ, ಹಗುರವಾದ್ದರಿಂದ ಚುರುಕು, ಚುರುಕಾದ್ದರಿಂದ ಉತ್ತಮ ಎಂಬುದು ಅವರ ವಾದಸರಣಿ. ಇದಕ್ಕೆ ಎದುರಾಗಿ, ಅಶ್ವಶಕ್ತಿ ಹೆಚ್ಚಿರುವ ಕಾರನ್ನು ಬಿಟ್ಟುಕೊಡುವುದು ಮೂರ್ಖತನ ಎನ್ನುವವರೂ ಇದ್ದಾರೆ. ಎರಡೂ ವಾದಗಳು ಒಂದೊಂದೇ ಅಂಕಿಯ ಮೇಲೆ ನಿಂತಿವೆ: ಒಂದು ತೂಕದ ಮೇಲೆ, ಇನ್ನೊಂದು ಸಾಮರ್ಥ್ಯದ ಮೇಲೆ. ಪ್ರೌಢಶಾಲೆಯ ಭೌತವಿಜ್ಞಾನ ಬಲ್ಲ ಯಾರಾದರೂ ಈ ಎರಡನ್ನೂ ಒರೆಗೆ ಹಚ್ಚಬಹುದು. ಬನ್ನಿ, ಹಚ್ಚಿ ನೋಡೋಣ.

ಇಂಥ ಕಾರುಗಳಿಗೂ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ರಾಣೆಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಗಿರುವ ಐರಣಿಯಂಥ ಊರಿನಲ್ಲಿ ಇವೆರಡರಲ್ಲಿ ಯಾವುದೂ ಕಾಣಸಿಗದು, ನಿಜ. ಆದರೆ ಅಲ್ಲಿನ ಶಾಲೆಯ ಹುಡುಗನೂ ವಾಹನಗಳನ್ನು ಅಳೆಯುವುದು ಇದೇ ಅಳತೆಗೋಲಿನಿಂದ: “ಎಷ್ಟು ಸಿ.ಸಿ.? ಎಷ್ಟು ಓಡ್ತದ?” ನಾಳೆ ಅವನು ಮೋಟಾರ್‌ಬೈಕು ಕೊಳ್ಳುವುದೂ ಓಡಿಸುವುದೂ ಇದೇ ಅಳತೆಯಿಂದ. ಆದ್ದರಿಂದ ಅಳತೆಗೋಲನ್ನೇ ಪರೀಕ್ಷಿಸುವುದು ವಿಜ್ಞಾನ ಶಿಕ್ಷಕರ ಕೆಲಸ.

ಎರಡು ಬಂಡಿ, ಎರಡು ಉದ್ದೇಶ

ಹಾವೇರಿ, ಧಾರವಾಡ ಸೀಮೆಯ ರೈತನಿಗೆ ಈ ಎರಡು ಜಾತಿಗಳ ವ್ಯತ್ಯಾಸವನ್ನು ಹೇಳಿಕೊಡಬೇಕಾಗಿಲ್ಲ. ಜಾತ್ರೆಗಳಲ್ಲಿ ನಡೆಯುವ ಖಾಲಿ ಗಾಡಾ ಓಡಿಸುವ ಸ್ಪರ್ಧೆಯನ್ನು ನೀವು ನೋಡಿರಬಹುದು. ಸರಕಿಲ್ಲದ ಗಾಡಿ, ಒಂದು ಜೊತೆ ಎತ್ತು, ಗೊತ್ತುಪಡಿಸಿದ ಸಮಯ. ಅಷ್ಟರಲ್ಲಿ ಎಷ್ಟು ಅಡಿ ಓಡಿತು ಎಂಬುದೇ ಲೆಕ್ಕ. ಅದೇ ರೈತ ಮನೆಮಂದಿಯೊಂದಿಗೆ ಮೈಲಾರದ ಜಾತ್ರೆಗೆ ಹೊರಟಾಗ ಕಟ್ಟುವುದು ಮೇಲೆ ಕೊಲ್ಲಾರಿ ಹೊದಿಸಿದ, ಒಳಗೆ ಹುಲ್ಲು ಹಾಸಿದ ಬಂಡಿಯನ್ನು. ಗಾಡಾ ಓಟದಲ್ಲಿ ಕೊಲ್ಲಾರಿ ಬಂಡಿ ಸೋಲುತ್ತದೆ. ಮೈಲಾರದ ದಾರಿಯಲ್ಲಿ ಖಾಲಿ ಗಾಡಾ ಸೋಲುತ್ತದೆ. ಯಾವುದು ಉತ್ತಮ ಎಂಬ ಪ್ರಶ್ನೆಗೆ ‘ಯಾವುದಕ್ಕೆ?’ ಎಂಬುದೇ ಉತ್ತರ.

‘ಗ್ರಾನ್ ತುರಿಸ್ಮೊ’ ಎಂಬ ಇಟಾಲಿಯನ್ ಹೆಸರಿಗೂ ‘ದೊಡ್ಡ ಪ್ರವಾಸ’ ಎಂದೇ ಅರ್ಥ. ಗಟ್ಟಿ ಮೇಲ್ಛಾವಣಿ, ದೊಡ್ಡ ಎಂಜಿನ್, ಸಾಮಾನಿಗೆ ಜಾಗ, ದೊಡ್ಡ ಇಂಧನ ತೊಟ್ಟಿ – ದಿನವಿಡೀ ವೇಗವಾಗಿ ಓಡಿಸಿಯೂ ದಣಿಯದೆ ಇಳಿಯಬೇಕೆಂಬುದು ಅದರ ಗುರಿ. ರೋಡ್‌ಸ್ಟರ್‌ನ ಗುರಿ ಬೇರೆ. ತಿರುವುಗಳ ದಾರಿಯಲ್ಲಿ, ಚಾಲಕನ ಕೈಯ ಅಲುಗಾಟಕ್ಕೆ ತಕ್ಷಣ ಉತ್ತರ ಕೊಡಬೇಕು, ಅಷ್ಟೆ.

ಹೋಲಿಕೆಗೆ ಎರಡು ಪ್ರಸಿದ್ಧ ಮಾದರಿಗಳನ್ನು ತೆಗೆದುಕೊಳ್ಳೋಣ. ಒಂದು, 1963ರಲ್ಲಿ ಬಂದ ಬ್ರಿಟಿಷ್ ಕಾರು ಆಸ್ಟನ್ ಮಾರ್ಟಿನ್ ಡಿಬಿ5: 3,995 ಘನ ಸೆಂ.ಮೀ. ಎಂಜಿನ್, ತಯಾರಕರು ಹೇಳಿದ ಸಾಮರ್ಥ್ಯ 282 ಅಶ್ವಶಕ್ತಿ, ರಾಶಿ ಸುಮಾರು 1,500 ಕಿ.ಗ್ರಾಂ., ಉದ್ದ ಸುಮಾರು 4.6 ಮೀಟರ್. ಇನ್ನೊಂದು, 1989ರಲ್ಲಿ ಬಂದ ಜಪಾನಿನ ಮಾಜ್ದಾ ಎಂಎಕ್ಸ್-5: 1,597 ಘನ ಸೆಂ.ಮೀ., ಸುಮಾರು 116 ಅಶ್ವಶಕ್ತಿ, ರಾಶಿ ಸುಮಾರು 950 ಕಿ.ಗ್ರಾಂ., ಉದ್ದ ಸುಮಾರು 4 ಮೀಟರ್. ಈ ಎರಡನೆಯದು ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಎರಡಾಸನದ ಕ್ರೀಡಾ ಕಾರು. 2016ರಲ್ಲಿ ಹತ್ತು ಲಕ್ಷದ ಸಂಖ್ಯೆ ತಲುಪಿತು. ಬೆಲೆಯ ವಿಚಾರವನ್ನು ಬೇಕೆಂದೇ ಬಿಟ್ಟಿದೆ. ಹರಾಜಿನ ಕೂಗು ಭೌತವಿಜ್ಞಾನದ ಅಳತೆಯಲ್ಲ. ಎರಡರಲ್ಲೂ ಇಬ್ಬರು ಕುಳಿತಿದ್ದಾರೆಂದು 150 ಕಿ.ಗ್ರಾಂ. ಸೇರಿಸಿಕೊಂಡರೆ ನಮ್ಮ ಲೆಕ್ಕಕ್ಕೆ 1,650 ಮತ್ತು 1,100 ಕಿ.ಗ್ರಾಂ. ಸಿಗುತ್ತವೆ.

ಅಶ್ವಶಕ್ತಿಯ ವಾದ

ಮೊದಲು ದೊಡ್ಡದರ ಪಕ್ಷದವರ ವಾದ. ನಿಶ್ಚಲ ಸ್ಥಿತಿಯಿಂದ ಗಂಟೆಗೆ 96 ಕಿ.ಮೀ. (ಅಂದರೆ 60 ಮೈಲಿ) ವೇಗಕ್ಕೆ ಏರಲು ಬೇಕಾದ ಚಲನಶಕ್ತಿ ದೊಡ್ಡ ಕಾರಿಗೆ ಸುಮಾರು 592 ಕಿಲೊಜೂಲ್, ಚಿಕ್ಕದಕ್ಕೆ 395 ಕಿಲೊಜೂಲ್. ಇದನ್ನು ಆಯಾ ಎಂಜಿನಿನ ಪೂರ್ಣ ಸಾಮರ್ಥ್ಯದಿಂದ (ಸುಮಾರು 210 ಮತ್ತು 86.5 ಕಿಲೊವ್ಯಾಟ್) ಭಾಗಿಸಿ. 2.8 ಸೆಕೆಂಡು ಮತ್ತು 4.6 ಸೆಕೆಂಡು ಬರುತ್ತದೆ. ಕಾಗದದ ಮೇಲೆ ದೊಡ್ಡದೇ ಭರ್ಜರಿಯಾಗಿ ಗೆದ್ದಿತು.

ರಸ್ತೆಯ ಮೇಲೆ ಅಳೆದಾಗ ಕಂಡದ್ದು ಬೇರೆ: ದೊಡ್ಡದಕ್ಕೆ ಸುಮಾರು 8 ಸೆಕೆಂಡು, ಚಿಕ್ಕದಕ್ಕೆ ಸುಮಾರು 9. ಕಾಗದದಲ್ಲಿ ಒಂದೂವರೆ ಪಟ್ಟು ಮೀರಿದ್ದ ಅಂತರ ಇಲ್ಲಿ ಎಂಟರಲ್ಲಿ ಒಂದು ಪಾಲಿಗೆ ಇಳಿದಿದೆ. ಏಕೆ? ಎಂಜಿನ್ ಒಂದು ನಿರ್ದಿಷ್ಟ ಸುತ್ತುವೇಗದಲ್ಲಿ ಮಾತ್ರ ಗರಿಷ್ಠ ಸಾಮರ್ಥ್ಯ ಕೊಡುತ್ತದೆ. ಉಳಿದ ಹೊತ್ತೆಲ್ಲ ಕೊಡುವುದು ಕಡಿಮೆ. ಗೇರು ಬದಲಿಸುವಾಗ ಕೊಡುವುದು ಸೊನ್ನೆ. ಹೊರಡುವ ಕ್ಷಣದಲ್ಲಿ ಮಿತಿ ಹಾಕುವುದು ಎಂಜಿನ್ ಅಲ್ಲ, ಟೈರು ಮತ್ತು ನೆಲದ ನಡುವಿನ ಘರ್ಷಣೆ. 1960ರ ದಶಕದ ಟೈರುಗಳ ಹಿಡಿತ ಕಡಿಮೆ. ಜೊತೆಗೆ, ಆ ಕಾಲದ ತಯಾರಕರು ಎಂಜಿನನ್ನು ಕಾರಿನಿಂದ ಹೊರಗಿಟ್ಟು, ಫ್ಯಾನು, ಸೈಲೆನ್ಸರುಗಳ ಹೊರೆಯಿಲ್ಲದೆ ಅಳೆದು ದೊಡ್ಡ ಅಂಕಿಯನ್ನು ಪ್ರಕಟಿಸುವ ರೂಢಿಯೂ ಇತ್ತು. ಅಂಕಿ ಸುಳ್ಳಲ್ಲ, ಅದು ಉತ್ತರಿಸುವ ಪ್ರಶ್ನೆ ನಾವು ಕೇಳಿದ ಪ್ರಶ್ನೆಯಲ್ಲ.

ತೂಕದ ವಾದ

ಇನ್ನು ಚಿಕ್ಕದರ ಪಕ್ಷದವರ ವಾದ: ‘ಹಗುರವಾದ ಕಾರು ತಿರುವಿನಲ್ಲಿ ವೇಗವಾಗಿ ಹೋಗಬಲ್ಲದು.’ ಕೇಳಲು ಸಹಜವಾಗಿದೆ. ಆದರೆ ಸೂತ್ರ ಬರೆದು ನೋಡಿ. ತಿರುವಿನಲ್ಲಿ ಬೇಕಾದ ಕೇಂದ್ರಾಭಿಮುಖ ಬಲವು ರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ತ್ರಿಜ್ಯದಿಂದ ಭಾಗಿಸಿದಷ್ಟು. ಟೈರುಗಳು ಕೊಡಬಲ್ಲ ಗರಿಷ್ಠ ಘರ್ಷಣಾ ಬಲವು ಘರ್ಷಣಾಂಕ, ರಾಶಿ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧ. ಎರಡನ್ನೂ ಸಮೀಕರಿಸಿದಾಗ ರಾಶಿ ಎರಡೂ ಕಡೆಯಿಂದ ಹಾರಿಹೋಗುತ್ತದೆ! ಘರ್ಷಣಾಂಕ 0.8, ತಿರುವಿನ ತ್ರಿಜ್ಯ 50 ಮೀಟರ್ ಎಂದಿಟ್ಟುಕೊಂಡರೆ ಗರಿಷ್ಠ ವೇಗ ಗಂಟೆಗೆ ಸುಮಾರು 71 ಕಿ.ಮೀ. ದೊಡ್ಡದಕ್ಕೂ ಅಷ್ಟೆ, ಚಿಕ್ಕದಕ್ಕೂ ಅಷ್ಟೆ.

ಹಾಗಾದರೆ ಪುಟ್ಟ ಕಾರು ಓಡಿಸಿದವರ ಅನುಭವವೆಲ್ಲ ಭ್ರಮೆಯೆ? ಅಲ್ಲ. ಅವರ ಅನುಭವ ಸರಿ, ಕೊಟ್ಟ ಕಾರಣ ಅರ್ಧ ಮಾತ್ರ ಸರಿ. ನಿಜವಾದ ಕಾರಣಗಳು ಎರಡು.

ಮೊದಲನೆಯದು, ರಬ್ಬರಿನ ಟೈರು ಪಠ್ಯಪುಸ್ತಕದ ಮರದ ದಿಮ್ಮಿಯಂತೆ ವರ್ತಿಸುವುದಿಲ್ಲ. ಟೈರಿನ ಮೇಲಿನ ಭಾರ ಹೆಚ್ಚಿದಂತೆ ಅದರ ಘರ್ಷಣಾಂಕ ತುಸು ಇಳಿಯುತ್ತದೆ. ತಿರುವಿನಲ್ಲಿ ಭಾರ ಒಳಬದಿಯ ಟೈರಿನಿಂದ ಹೊರಬದಿಯ ಟೈರಿಗೆ ಜಾರುತ್ತದೆ. ಉದಾಹರಣೆಗಾಗಿ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ: 1,000 ನ್ಯೂಟನ್ ಭಾರದಲ್ಲಿ ಘರ್ಷಣಾಂಕ 1.0, 3,000ದಲ್ಲಿ 0.9, 5,000ದಲ್ಲಿ 0.8. ಎರಡೂ ಟೈರುಗಳ ಮೇಲೆ 3,000 ಇದ್ದರೆ ಒಟ್ಟು ಹಿಡಿತ 5,400 ನ್ಯೂಟನ್. ಭಾರ ಜಾರಿ 1,000 ಮತ್ತು 5,000 ಆದರೆ ಹಿಡಿತ 5,000 ಮಾತ್ರ. ಒಟ್ಟು ಭಾರ ಬದಲಾಗಿಲ್ಲ, ಆದರೂ 400 ನ್ಯೂಟನ್ ಕಳೆದುಹೋಯಿತು. ಭಾರ ಎಷ್ಟು ಜಾರುತ್ತದೆಂಬುದು ರಾಶಿ ಮತ್ತು ಗುರುತ್ವ ಕೇಂದ್ರದ ಎತ್ತರಗಳ ಗುಣಲಬ್ಧವನ್ನು ಅವಲಂಬಿಸಿದೆ. ಹಗುರವೂ ಕುಳ್ಳೂ ಆದ ಕಾರಿಗೆ ಇಲ್ಲಿ ನಿಜವಾದ ಲಾಭವಿದೆ.

ಎರಡನೆಯದು ಜಡತ್ವ ಭ್ರಾಮಕ. ಕಾರು ತಿರುಗಬೇಕಾದರೆ ಅದು ತನ್ನ ಲಂಬ ಅಕ್ಷದ ಸುತ್ತಲೂ ಹೊರಳಬೇಕು. ಕಾರನ್ನು ಏಕರೂಪದ ಕಂಬಿಯೆಂದು ಸರಳೀಕರಿಸಿದರೆ ಜಡತ್ವ ಭ್ರಾಮಕವು ರಾಶಿ ಮತ್ತು ಉದ್ದದ ವರ್ಗಗಳ ಗುಣಲಬ್ಧದ ಹನ್ನೆರಡನೇ ಒಂದು ಭಾಗ. ಖಾಲಿ ಕಾರುಗಳಿಗೆ ಲೆಕ್ಕ ಹಾಕಿದರೆ ದೊಡ್ಡದಕ್ಕೆ 2,645, ಚಿಕ್ಕದಕ್ಕೆ 1,267 ಕಿ.ಗ್ರಾಂ.-ಮೀ² ಬರುತ್ತದೆ. ಕಾರು ಕಂಬಿಯಲ್ಲ, ಆದರೂ ಹೋಲಿಕೆಗೆ ಇದು ಸಾಕು. ರಾಶಿ ಮೂರನೇ ಒಂದರಷ್ಟು ಕಡಿಮೆಯಾದರೆ ಹೊರಳಲು ಬೇಕಾದ ಭ್ರಾಮಕ ಅರ್ಧಕ್ಕಿಂತ ಕೆಳಗಿಳಿಯಿತು. ಕಾರಣ ಉದ್ದದ ವರ್ಗ. ಕೈಗೆ ‘ಚುರುಕು’ ಎಂದು ತಿಳಿಯುವುದು ಇದೇ. ಮಾಜ್ದಾ ತಂತ್ರಜ್ಞರು ಇದನ್ನು ‘ಕುದುರೆ ಮತ್ತು ಸವಾರ ಒಂದೇ ದೇಹ’ ಎಂಬ ಅರ್ಥದ ಜಪಾನೀ ನುಡಿಯಿಂದ ಹೆಸರಿಸಿದರು. ಅವರು ಗಮನ ಕೊಟ್ಟದ್ದು ಬರೀ ತೂಕ ಇಳಿಸುವುದಕ್ಕಲ್ಲ. ಭಾರವನ್ನು ನಡುವಿಗೆ ತಂದು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಸರಿಸುಮಾರು ಸಮನಾಗಿ ಹಂಚುವುದಕ್ಕೆ. ತೂಕಕ್ಕಿಂತ ತೂಕ ಎಲ್ಲಿದೆ ಎಂಬುದು ಮುಖ್ಯ.

ಮುಚ್ಚಳ ತೆಗೆದ ಡಬ್ಬ

ಛಾವಣಿ ಮಡಚುವ ಕಾರನ್ನು ಹೊಗಳುವವರು ಗಾಳಿ, ಬಿಸಿಲು, ಆಕಾಶದ ಬಗೆಗೆ ಬರೆಯುತ್ತಾರೆ. ಛಾವಣಿಯ ಕೆಲಸ ಮಳೆ ತಡೆಯುವುದಷ್ಟೇ ಎಂದು ಅವರು ಭಾವಿಸಿದಂತಿದೆ. ಪಾದರಕ್ಷೆಯ ರಟ್ಟಿನ ಡಬ್ಬವೊಂದನ್ನು ತೆಗೆದುಕೊಳ್ಳಿ. ಮುಚ್ಚಳವಿಲ್ಲದೆ ಎರಡೂ ತುದಿ ಹಿಡಿದು ತಿರುಚಿ, ಸುಲಭವಾಗಿ ತಿರುಚಿಕೊಳ್ಳುತ್ತದೆ. ಮುಚ್ಚಳ ಹಾಕಿ ಸುತ್ತಲೂ ಅಂಟುಪಟ್ಟಿ ಬಿಗಿದು ಮತ್ತೆ ತಿರುಚಿ, ಜಗ್ಗುವುದೇ ಇಲ್ಲ. ಮುಚ್ಚಿದ ಕೊಳವೆಗೂ ಸೀಳಿದ ಕೊಳವೆಗೂ ಇರುವ ಅಂತರವಿದು. ತೆಳುಗೋಡೆಯ ದುಂಡು ಕೊಳವೆಯನ್ನು ಉದ್ದಕ್ಕೂ ಒಂದೇ ಗೆರೆಯಲ್ಲಿ ಸೀಳಿದರೆ ಅದರ ತಿರುಚು ಬಿಗಿತ ಎಷ್ಟು ಪಟ್ಟು ಇಳಿಯುತ್ತದೆಂದರೆ, ತ್ರಿಜ್ಯವನ್ನು ದಪ್ಪದಿಂದ ಭಾಗಿಸಿ ವರ್ಗ ಮಾಡಿ ಮೂರರಿಂದ ಗುಣಿಸಿದಷ್ಟು. 30 ಮಿ.ಮೀ. ತ್ರಿಜ್ಯ, 2 ಮಿ.ಮೀ. ದಪ್ಪದ ಪಿ.ವಿ.ಸಿ. ಪೈಪಿಗೆ ಇದು 675 ಪಟ್ಟು! ಕಾರಿನಲ್ಲಿ ಇಳಿಕೆ ಇಷ್ಟು ತೀವ್ರವಾಗಿರದು, ಏಕೆಂದರೆ ಅದರಲ್ಲಿ ನೆಲ, ಅಡ್ಡಗೋಡೆ, ಅಂಚಿನ ತೊಲೆಗಳಿವೆ. ಆದರೆ ದಿಕ್ಕು ಅದೇ.

ಹೀಗಾಗಿ ಮಾಮೂಲಿ ಕಾರಿನ ಛಾವಣಿ ಕತ್ತರಿಸಿ ಮಾಡಿದ ತೆರೆದ ಕಾರು ಬಹುತೇಕ ಮೂಲಕ್ಕಿಂತ ಭಾರವಾಗಿರುತ್ತದೆ. ಕಳೆದುಕೊಂಡ ಬಿಗಿತವನ್ನು ನೆಲಕ್ಕೆ, ಅಂಚುಗಳಿಗೆ ಉಕ್ಕು ಸೇರಿಸಿ ಪಡೆಯಬೇಕು. ಜಾಣ ವಿನ್ಯಾಸ ಮೊದಲಿನಿಂದಲೇ ಬೇರೆ ದಾರಿ ಹಿಡಿಯುತ್ತದೆ. 1962ರ ಲೋಟಸ್ ಎಲಾನ್ ಕಾರಿನ ಹೊರಕವಚ ಗಾಜಿನ ನಾರಿನದು; ಬಿಗಿತ ಕೊಟ್ಟದ್ದು ನಡುವೆ ಬೆನ್ನುಮೂಳೆಯಂತೆ ಹಾದುಹೋದ ಉಕ್ಕಿನ ಪೆಟ್ಟಿಗೆ – ಅಂದರೆ ಮುಚ್ಚಿದ ಕೊಳವೆ. ಆ ಎಲಾನ್‌ನಿಂದ ಸ್ಫೂರ್ತಿ ಪಡೆದ ಎಂಎಕ್ಸ್-5ರಲ್ಲಿ ಗೇರುಪೆಟ್ಟಿಗೆಯನ್ನೂ ಹಿಂದಿನ ಡಿಫರೆನ್ಷಿಯಲನ್ನೂ ಅಲ್ಯೂಮಿನಿಯಂ ಚೌಕಟ್ಟಿನಿಂದ ಜೋಡಿಸಿದರು. ಈ ಕಾರುಗಳನ್ನು ಮೆಚ್ಚಬೇಕಾದುದು ಕಾಣುವ ಆಕಾಶಕ್ಕಲ್ಲ, ಕಾಣದ ಆ ಬೆನ್ನುಮೂಳೆಗೆ.

ಹೆದ್ದಾರಿಯ ತೀರ್ಪು

ಈಗ ಐರಣಿಯಿಂದ ಹೊರಡೋಣ. ರಾಣೆಬೆನ್ನೂರಿನವರೆಗೆ ಊರು, ಹೊಲ, ತಿರುವು, ಉಬ್ಬುಗಳ ದಾರಿ. ಅಲ್ಲಿಂದ ಬೆಂಗಳೂರಿಗೆ ಪುಣೆ-ಬೆಂಗಳೂರು ಹೆದ್ದಾರಿ, ಸುಮಾರು 300 ಕಿ.ಮೀ. ಮೊದಲ ಭಾಗದಲ್ಲಿ ಪುಟ್ಟ ಕಾರಿನ ಗುಣಗಳೆಲ್ಲ ಕೆಲಸಕ್ಕೆ ಬರುತ್ತವೆ. ನೆಲಕ್ಕೆ ಅಂಟಿದಂತಿರುವ ಅದರ ಹೊಟ್ಟೆ ಉಬ್ಬುಗಳಿಗೆ ತಾಗದಿದ್ದರೆ! ಎರಡನೆಯ ಭಾಗದಲ್ಲಿ ಲೆಕ್ಕ ತಿರುಗುತ್ತದೆ. ಗಾಳಿಯ ಪ್ರತಿರೋಧವನ್ನು ಮೀರಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣ: ಗಂಟೆಗೆ 80ರಿಂದ 120 ಕಿ.ಮೀ.ಗೆ ಏರಿದರೆ ಸುಮಾರು 3.4 ಪಟ್ಟು. ಇಲ್ಲಿ ರಾಶಿಯ ಮಾತೇ ಇಲ್ಲ, ಆಕಾರದ್ದೇ ಮಾತು. ಛಾವಣಿ ತೆರೆದ ಕಾರಿನ ಹಿಂದೆ ಗಾಳಿ ಸುಳಿಸುಳಿಯಾಗಿ ಪ್ರತಿರೋಧ ಹೆಚ್ಚುತ್ತದೆ. ಕಿವಿಗೆ ಅಬ್ಬರ, ಏಪ್ರಿಲ್ಲಿನ ಬಿಸಿಲು, ಲಾರಿಗಳ ಹೊಗೆ – ಮೂರೂ ಚಾಲಕನನ್ನು ದಣಿಸುತ್ತವೆ. ದಣಿದ ಚಾಲಕನ ಪ್ರತಿಕ್ರಿಯೆ ನಿಧಾನ.

ಇಂಧನದಲ್ಲಿ ಮಾತ್ರ ದೊಡ್ಡದರ ಹೆಗ್ಗಳಿಕೆ ಉಳಿಯುವುದಿಲ್ಲ. ಅದರ ತೊಟ್ಟಿ ಸುಮಾರು 86 ಲೀಟರಿನದು, ಚಿಕ್ಕದರದು 45 ಲೀಟರಿನದು. ಲೀಟರಿಗೆ 5.5 ಮತ್ತು 12 ಕಿ.ಮೀ. ಎಂದಿಟ್ಟುಕೊಂಡರೆ 473 ಮತ್ತು 540 ಕಿ.ಮೀ. ಅರ್ಧ ಪೆಟ್ರೋಲಿನಲ್ಲಿ ಚಿಕ್ಕದು ಹೆಚ್ಚು ದೂರ ಹೋಯಿತು.

ಡಿಕ್ಕಿಯ ಲೆಕ್ಕ

ವಿನಿಮಯವನ್ನು ಹೊಗಳುವ ಬರಹಗಳಲ್ಲಿ ಬಹುಪಾಲು ಮೌನವಾಗಿರುವ ಭಾಗ ಇದು. ನಮ್ಮ ಎರಡು ಕಾರುಗಳು ತಲಾ ಗಂಟೆಗೆ 50 ಕಿ.ಮೀ. ವೇಗದಲ್ಲಿ ಎದುರುಬದುರು ಡಿಕ್ಕಿಯಾಗಿ ಒಂದಕ್ಕೊಂದು ಕಚ್ಚಿಕೊಂಡವೆನ್ನಿ. ಸಂವೇಗ ಸಂರಕ್ಷಣೆಯ ಪ್ರಕಾರ ಎರಡೂ ಭಾರದ ಕಾರಿನ ದಿಕ್ಕಿನಲ್ಲಿ 10 ಕಿ.ಮೀ. ವೇಗದಿಂದ ಸಾಗುತ್ತವೆ. ದೊಡ್ಡ ಕಾರಿನವರ ವೇಗ ಬದಲಾದದ್ದು 40, ಚಿಕ್ಕ ಕಾರಿನವರದು 60. ದೇಹದ ಮೇಲೆ ಬೀಳುವ ಪೆಟ್ಟು ಈ ಬದಲಾವಣೆಯನ್ನು ಅವಲಂಬಿಸಿದೆ. ಹಗುರದ ದಂಡ ಇದು.

ಆದರೆ ನಮ್ಮ ಹೆದ್ದಾರಿಯಲ್ಲಿ ಎದುರಾಗುವುದು ಇಂಥ ಕಾರಲ್ಲ, ಲಾರಿ. 16 ಟನ್ನಿನ ಲಾರಿಯೊಂದಿಗೆ ಅದೇ ಲೆಕ್ಕ ಮಾಡಿ: ಚಿಕ್ಕದಕ್ಕೆ ಸುಮಾರು 94, ದೊಡ್ಡದಕ್ಕೆ ಸುಮಾರು 91. ‘ದೊಡ್ಡ ಕಾರು ಕಾಪಾಡುತ್ತದೆ’ ಎಂಬ ನಂಬಿಕೆ ಇಲ್ಲಿ ಮೂರು ಕಿ.ಮೀ.ಗಳಷ್ಟೇ ಬೆಲೆಯುಳ್ಳದ್ದು. ಉಳಿದದ್ದನ್ನು ನಿರ್ಧರಿಸುವುದು ವಿನ್ಯಾಸದ ಕಾಲ. ಮೂರು ಬಿಂದುಗಳ ಆಸನಪಟ್ಟಿ ಬಂದದ್ದೂ, ಮುಂಭಾಗ ಕುಸಿದು ಪೆಟ್ಟನ್ನು ಹೀರುವ ರಚನೆ ಕಾರಿಗೆ ಇಳಿದದ್ದೂ 1959ರಲ್ಲಿ. ಎರಡೂ ಎಲ್ಲೆಡೆ ಹರಡಲು ದಶಕಗಳೇ ಹಿಡಿದವು. 1963ರ ದೊಡ್ಡ ಕಾರು ಈ ತಿಳಿವಳಿಕೆಯ ಆಚೆ ದಡದ್ದು. ಇನ್ನು ಮಗುಚಿಕೊಂಡಾಗ ಛಾವಣಿಯಿಲ್ಲದ ಕಾರಿಗೆ ಕ್ಷಮೆಯಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ನಮ್ಮವರ ಪ್ರಯತ್ನ

ಎಂಎಕ್ಸ್-5 ಭಾರತದ ಮಾರುಕಟ್ಟೆಗೆ ಅಧಿಕೃತವಾಗಿ ಬರಲಿಲ್ಲ. ಆದರೆ ಅದೇ ಜಾತಿಯದೊಂದು ನಮ್ಮಲ್ಲೇ ಹುಟ್ಟಿತ್ತು. ಬೆಂಗಳೂರು ಮೂಲದ ಸ್ಯಾನ್ ಮೋಟಾರ್ಸ್ 1990ರ ದಶಕದ ಕೊನೆಯಲ್ಲಿ ‘ಸ್ಯಾನ್ ಸ್ಟಾರ್ಮ್’ ಎಂಬ ಎರಡಾಸನದ ತೆರೆದ ಕಾರನ್ನು ಗೋವಾದಲ್ಲಿ ತಯಾರಿಸಿತು. ನಾರು ಬೆರೆಸಿದ ಪ್ಲಾಸ್ಟಿಕ್ಕಿನ ಕವಚ, ರೆನೊ ಕಂಪನಿಯ 1,149 ಘನ ಸೆಂ.ಮೀ. ಎಂಜಿನ್, ಸುಮಾರು 60 ಅಶ್ವಶಕ್ತಿ. ಕವಚದ ಆಯ್ಕೆ ವಿವೇಕದ್ದು: ಉಕ್ಕಿನ ತಗಡನ್ನು ಒತ್ತುವ ಅಚ್ಚುಗಳಿಗೆ ಹಾಕಿದ ದೊಡ್ಡ ಬಂಡವಾಳ ಮರಳುವುದು ಲಕ್ಷಗಟ್ಟಲೆ ಕಾರು ಮಾರಿದಾಗ, ಕೆಲವೇ ಕಾರು ಮಾಡುವವನಿಗೆ ನಾರಿನ ಅಚ್ಚೇ ಗತಿ. ಆದರೆ ಇಬ್ಬರು ಕುಳಿತ ಕಾರಿನ ರಾಶಿ 950 ಕಿ.ಗ್ರಾಂ. ಎಂದು ಊಹಿಸಿದರೆ ಟನ್ನಿಗೆ 63 ಅಶ್ವಶಕ್ತಿ. ಎಂಎಕ್ಸ್-5ಕ್ಕೆ ಇದೇ ಲೆಕ್ಕದಲ್ಲಿ 105. ರೂಪ ಕ್ರೀಡಾ ಕಾರಿನದು, ಎಂಜಿನ್ ಮನೆಬಳಕೆಯ ಸಣ್ಣ ಕಾರಿನದು. ಹೊಸ ಸ್ಟಾರ್ಮ್ ಈಗ ದೊರೆಯುವುದಿಲ್ಲ. ಅದನ್ನು ಗೇಲಿ ಮಾಡುವುದು ಸುಲಭ. ಆದರೆ ‘ಕುಟುಂಬಕ್ಕೊಂದು ಕಾರು’ ಎಂಬುದೊಂದೇ ಗುರಿಯಾಗಿದ್ದ ದೇಶದಲ್ಲಿ ಓಡಿಸುವ ಸಂತೋಷಕ್ಕೆಂದೇ ಒಂದು ಯಂತ್ರ ಕಟ್ಟಹೊರಟದ್ದು ತಂತ್ರವಿಜ್ಞಾನದ ದೃಷ್ಟಿಯಿಂದ ಸಣ್ಣ ಸಾಹಸವಲ್ಲ.

ಹಳೆಯ ದೊಡ್ಡ ಕಾರು ಇಟ್ಟುಕೊಳ್ಳುವವರೂ ಒಂದು ವಿಷಯ ತಿಳಿದಿರಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯ ಪ್ರಕಾರ, 50 ವರ್ಷ ಮೀರಿದ, ಮೂಲರೂಪ ಉಳಿಸಿಕೊಂಡ ವಾಹನವನ್ನು ‘ವಿಎ’ ಅಕ್ಷರಗಳ ಪ್ರತ್ಯೇಕ ಸಂಖ್ಯೆಯಡಿ ನೋಂದಾಯಿಸಬಹುದು. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕಾರಣಗಳಿಗೆ ಹೊರತು ನಿತ್ಯದ ಓಡಾಟಕ್ಕೆ ರಸ್ತೆಗಿಳಿಸುವಂತಿಲ್ಲ. ‘ದೊಡ್ಡ ಪ್ರವಾಸ’ಕ್ಕೆಂದು ಹುಟ್ಟಿದ ಕಾರು ಪ್ರವಾಸವನ್ನೇ ಬಿಟ್ಟಂತಾಯಿತು. ಇಂಥವನು ಅದನ್ನು ಕೊಟ್ಟು ದಿನವೂ ಓಡಿಸಬಹುದಾದ ಪುಟ್ಟದನ್ನು ಪಡೆದರೆ ಅದು ನಷ್ಟವೆನ್ನಲಾಗದು.

ಶಿಕ್ಷಕರಿಗೆ

ಹಾಗಾದರೆ ತೀರ್ಪೇನು? ಬಳಕೆ ಬದಲಾಗಿದ್ದರೆ ಈ ವಿನಿಮಯ ಸರಿ. ‘ಹಗುರವೇ ಮೇಲು’ ಎಂಬ ಮಂತ್ರವನ್ನು ನಂಬಿ ಮಾಡಿದರೆ ತಪ್ಪು. ಪುಟ್ಟ ಕಾರು ಕೊಡುವ ಚುರುಕು ನಿಜ. ಅದು ಕಸಿಯುವ ರಕ್ಷಣೆಯೂ ನಿಜ.

ಒಂದು ಲೆಕ್ಕ ಮಾತ್ರ ಯಾವ ವಿನಿಮಯಕ್ಕೂ ಬಗ್ಗುವುದಿಲ್ಲ. ಅದನ್ನು ಕಪ್ಪುಹಲಗೆಯ ಮೇಲೆ ಬರೆಸಿ. ಬ್ರೇಕು ಹಾಕಿದ ಮೇಲೆ ಸಾಗುವ ದೂರವು ವೇಗದ ವರ್ಗವನ್ನು ಘರ್ಷಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದಷ್ಟು. ಇಲ್ಲಿಯೂ ರಾಶಿ ಇಲ್ಲ, ಅಶ್ವಶಕ್ತಿ ಇಲ್ಲ, ಸಿ.ಸಿ. ಇಲ್ಲ. ಘರ್ಷಣಾಂಕ 0.8 ಇರುವ ಒಣ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ.ಗೆ ಸುಮಾರು 18 ಮೀಟರ್, 90ಕ್ಕೆ ಸುಮಾರು 40 ಮೀಟರ್. ಸುಗ್ಗಿಯಲ್ಲಿ ನಮ್ಮ ಊರುಗಳ ರಸ್ತೆಯ ಮೇಲೆ ಗೋವಿನಜೋಳವನ್ನೋ ಹುರುಳಿಯ ಹೊಟ್ಟನ್ನೋ ಹರಡಿರುತ್ತಾರಲ್ಲ, ಅಲ್ಲಿ ಘರ್ಷಣಾಂಕ ಅರ್ಧಕ್ಕಿಳಿದು 0.4 ಆಯಿತೆನ್ನಿ: 90ಕ್ಕೆ 80 ಮೀಟರ್. ಕಣ್ಣಿಗೆ ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಸಾಗುವ 25 ಮೀಟರನ್ನು ಇದಕ್ಕೆ ಕೂಡಿಸಿ.

ಆ 105 ಮೀಟರನ್ನು ಶಾಲೆಯ ಮುಂದಿನ ರಸ್ತೆಯ ಬದಿಯಲ್ಲಿ ಮಕ್ಕಳಿಂದಲೇ ಅಳತೆಪಟ್ಟಿ ಹಿಡಿಸಿ ಅಳೆಯಿಸಿ, ಎರಡೂ ತುದಿಗಳಲ್ಲಿ ಒಬ್ಬೊಬ್ಬರನ್ನು ನಿಲ್ಲಿಸಿ. “ಎಷ್ಟು ಸಿ.ಸಿ.?” ಎಂದು ಕೇಳುತ್ತಿದ್ದ ಹುಡುಗ ಈಚೆ ತುದಿಯಿಂದ ಆಚೆ ತುದಿಯ ಗೆಳೆಯನನ್ನು ಒಮ್ಮೆ ನೋಡಲಿ.